ಮೋಟಾರಿಗೆ ಸುತ್ತಿದ ಕೂದಲು

ಪುಟ್ಟಾ,

ನಿನ್ನ ಆಟದ ರೈಲಿನ ಎಂಜಿನ್ ರಿಪೇರಿ ಮಾಡಿ ಊಟದ ಮೇಜಿನ ಮೇಲೆ ಇಟ್ಟಿದ್ದೀನಿ. ಮೋಟಾರು ಸುಟ್ಟಿಲ್ಲ. ಮೋಟಾರ್ ವೈಂಡಿಂಗ್ ಅಂಗಡೀಲಿ ಆಯುಷ್ಯ ಸವೆಸಿದ ಅಮ್ಮನನ್ನ ಒಂದು ಮಾತು ಕೇಳಬಹುದಿತ್ತು. ಅದು ಬಿಟ್ಟು, "ಕಸ ಗುಡಿಸುವಾಗ ನೀನೇ ಕೆಡಿಸಿದ್ದು" ಅಂತ ನಿನ್ನೆ ರಾತ್ರಿ ಹೆಂಡತಿಯ ತುಟಿ ಒಡೆದೆ.

ಎಂಜಿನ್ ಬಿಚ್ಚಿ ನೋಡಿದೆ. ಮೋಟಾರಿನ ಶಾಫ್ಟಿಗೆ ಕೂದಲು ಸುತ್ತಿಕೊಂಡು ಬಿಗಿದು ಹೋಗಿತ್ತು. ಮೊಳದುದ್ದದ ಕಪ್ಪು ಕೂದಲು, ಬುಡ ಸಮೇತ. ನನ್ನದಲ್ಲ, ನನ್ನ ತಲೆ ಬೆಳ್ಳಗಾಗಿ ಎಷ್ಟೋ ಕಾಲವಾಯ್ತು. ಭಾನುವಾರ ಅವಳ ಜಡೆ ಹಿಡಿದು ಆ ಹಳಿಗಳ ಮೇಲೇ ದರದರ ಎಳೆದೆಯಲ್ಲ, ಆಗ ಕಿತ್ತು ಬಂದದ್ದು. ಆಮೇಲೆ ಏನೂ ಆಗದವನ ಹಾಗೆ ಕೂತು ರೈಲು ಬಿಟ್ಟೆ. ಚಕ್ರ ಅದನ್ನ ಒಳಗೆ ಎಳೆದುಕೊಳ್ತು.

ಚಿಮಟದಲ್ಲಿ ಎಳೆ ಎಳೆಯಾಗಿ ತೆಗೆದು ಪಕ್ಕದ ಬಟ್ಟಲಲ್ಲಿ ಹಾಕಿದ್ದೀನಿ. ಎಸೀಬೇಡ, ಕೂತು ನೋಡು. ಒಂದು ತೊಟ್ಟು ಎಣ್ಣೆ ಬಿಟ್ಟಾಗಿದೆ, ನೀನು ಮತ್ತೆ ಸುರೀಬೇಡ.

ಊಟ ಮುಚ್ಚಿಟ್ಟಿದ್ದೀನಿ. ಹೆತ್ತ ಕರುಳು, ಏನು ಮಾಡಲಿ.

ಅವಳ ತುಟಿಗೆ ಹೊಲಿಗೆ ಹಾಕಿಸಿ, ಅಲ್ಲಿಂದ ಹಾಗೇ ನಿನ್ನ ಅಕ್ಕನ ಮನೆಗೆ ಕರೆದುಕೊಂಡು ಹೋಗ್ತೀನಿ. ಹುಡುಕಿಕೊಂಡು ಬರಬೇಡ. ಬಂದರೆ ಬಾಗಿಲು ತೆಗೆಯೋಳು ನಾನೇ. ಕೈಯಲ್ಲಿ ಅಂಗಡಿಯ ದೊಡ್ಡ ಸುತ್ತಿಗೆ ಇರುತ್ತೆ, ತಲೆಗೇ ಬೀಸ್ತೀನಿ.

ನಿಮ್ಮಪ್ಪನ ಮೇಲೆ ಅದನ್ನ ಎತ್ತೋಕೆ ನನಗೆ ಧೈರ್ಯ ಸಾಕಾಗಲಿಲ್ಲ. ಈಗ ಬೇಕಾದಷ್ಟಿದೆ.

ಅಮ್ಮ