ಪುಟದ ಕೊನೆಯ ಗೀತೆ

ಅಕ್ಟೋಬರ್ 4, ಬೆಳಿಗ್ಗೆ 9

ಬರೆದೇ ಬಿಡುತ್ತೇನೆ. ಪಾದ್ರಿಯಾಗಿದ್ದ ತಾತನ ಹೆಸರಿನಲ್ಲಿ ವರ್ಷವರ್ಷವೂ ಬರುತ್ತಿರುವ ಧ್ಯಾನದ ಪುಸ್ತಕ ‘ಬೆಳಗಿನ ಪುಟ’ ತಾತ ಬರೆದದ್ದಲ್ಲ. ಎರಡು ವರ್ಷದಿಂದ ಬರೆಯುತ್ತಿರುವುದು ನಾನು. ವರ್ಷಕ್ಕೆ ಮುನ್ನೂರ ಅರವತ್ತೈದು ಪುಟ. ಪ್ರತಿ ಪುಟಕ್ಕೂ ಬೈಬಲ್ಲಿನ ಒಂದು ವಾಕ್ಯ, ಮೂರು ಪ್ಯಾರಾ ಧ್ಯಾನ, ಒಂದು ಪ್ರಾರ್ಥನೆ, ಅಡಿಯಲ್ಲಿ ಹಾಡಬೇಕಾದ ಗೀತೆಯ ನಂಬರು. ಬರೆದವಳು ಹತ್ತನೇ ಕ್ಲಾಸಿನಲ್ಲಿ ಶಾಲೆ ಬಿಟ್ಟವಳು. ಪ್ರಾರ್ಥನೆಗೆ ಎಲ್ಲರೂ ಕಣ್ಣು ಮುಚ್ಚಿದಾಗ ಗೋಡೆಯ ಬಿರುಕು ನೋಡುವವಳು.

ಇವತ್ತೂ ಮಾಮೂಲಿ. ಚಿಕ್ಕಪ್ಪ ಗಂಟಲು ಸರಿಮಾಡಿಕೊಂಡು ಪುಟ ಓದಿದ. ಆಮೇಲೆ ಗೀತೆಯ ಒಂದು ಚರಣ. ತಾತ ಗಾಲಿಕುರ್ಚಿಯಲ್ಲಿ. ಸ್ಟ್ರೋಕ್ ಆದಾಗಿನಿಂದ ಬಲಭಾಗವಿಲ್ಲ, ಮಾತಿಲ್ಲ. ಎಡಗೈ ಒಂದೇ ಮಿಕ್ಕಿದೆ. ಹಾಡು ಶುರುವಾಗುತ್ತಿದ್ದಂತೆ ಕಣ್ಣಿನಿಂದ ನೀರು. ಎಡಗೈ ಎತ್ತಿದ.

“ತಾವೇ ಬರೆದದ್ದು ಕೇಳಿ ಹೇಗೆ ಕರಗ್ತಾರೆ ನೋಡಿ,” ಎಂದಳು ಚಿಕ್ಕಮ್ಮ. “ಆಶೀರ್ವಾದ ಮಾಡ್ತಿದ್ದಾರೆ.”

ನಾನು ಚಹಾ ಲೋಟ ಎತ್ತಿಕೊಂಡು ಅಡುಗೆಮನೆಗೆ ಹೋದೆ.

ಅಕ್ಟೋಬರ್ 5

ನಿನ್ನೆಯದನ್ನು ಪೂರ್ತಿ ಮಾಡಬೇಕು.

ನಾನು ಶಾಲೆ ಬಿಟ್ಟ ವಾರ ತಾತ ಚರ್ಚಿನ ಪ್ರಸಂಗಪೀಠದಿಂದಲೇ ಹೇಳಿದ್ದ — ನಮ್ಮ ಮನೆಯಲ್ಲೇ ಒಂದು ಒಡೆದ ಮಡಕೆ ಇದೆ, ಪ್ರಾರ್ಥಿಸಿರಿ ಎಂದು. ಇಡೀ ಸಭೆ ನನ್ನ ಕಡೆ ತಿರುಗಿತು. ಅಮ್ಮ ಇದ್ದಿದ್ದರೆ ನನ್ನನ್ನು ಎಬ್ಬಿಸಿಕೊಂಡು ಹೊರಗೆ ಹೋಗಿರುತ್ತಿದ್ದಳು. ಆಮೇಲೆ ಶಿಕ್ಷೆಯೆಂದು ತಾತ ತನ್ನ ಪುಟಗಳನ್ನು ನನ್ನಿಂದ ಬರೆಸಲು ಶುರುಮಾಡಿದ. ತಾನು ಹೇಳುವುದು, ನಾನು ಬರೆಯುವುದು. ಒಂದು ಪುಟದಲ್ಲಿ ‘ಒಬ್ಬ ಹಟಮಾರಿ ಹುಡುಗಿ’ ಬಂದಳು. ಅದನ್ನೂ ನಾನೇ ದುಂಡಗೆ ಬರೆದೆ.

ಮೂರು ವರ್ಷ ಬರೆದರೆ ಯಾರ ಧಾಟಿಯಾದರೂ ಕೈಗೆ ಹತ್ತುತ್ತದೆ. ತಾತ ಬಿದ್ದಾಗ ಸಭೆಯ ಪುಸ್ತಕದಂಗಡಿ ನೋಡಿಕೊಳ್ಳುವ ಚಿಕ್ಕಪ್ಪ ತಾನೇ ಬರೆಯಲು ಕೂತ. ಮೂರು ಪುಟಕ್ಕೆ ಬೆವರಿಳಿಯಿತು. ನನ್ನ ಮುಂದೆ ಕಾಗದ ಇಟ್ಟು, ಇದೊಂದು ವರ್ಷ ನಡೆಸು ಎಂದ.

ನಡೆಸಿದೆ. ಗೀತೆಯ ನಂಬರು ಮಾತ್ರ ಎಲ್ಲ ಮುಗಿದ ಮೇಲೆ ಒಟ್ಟಿಗೆ, ಕೈಗೆ ಬಂದದ್ದನ್ನು ತುಂಬುತ್ತೇನೆ. ಅಷ್ಟು ಹೊತ್ತಿಗೆ ಸಾಕಾಗಿರುತ್ತದೆ. ಯಾರೂ ಕೇಳಿಲ್ಲ.

ಅಕ್ಟೋಬರ್ 9

ಇವತ್ತಿನ ಪುಟಕ್ಕಾಗಿ ಕಾಯುತ್ತಿದ್ದೆ. ಬರೆದದ್ದು ಹೋದ ವರ್ಷ, ಹೊಟ್ಟೆ ಉರಿಯುತ್ತಿದ್ದ ಒಂದು ಮಧ್ಯಾಹ್ನ. ‘ದೇವರು ಕೆಲವರ ಬಾಯಿ ಮುಚ್ಚಿಸುವುದು ಏಕೆ?’ ತಾತ ಪೀಠದಿಂದ ನನಗೆ ಕೊಟ್ಟದ್ದನ್ನು ಬಡ್ಡಿ ಸಮೇತ ವಾಪಸು ಕೊಡುವ ಪುಟ. ಚಿಕ್ಕಪ್ಪನಿಗೆ ಏನೂ ಹೊಳೆಯಲಿಲ್ಲ, ಗಂಟೆ ಬಾರಿಸಿದಂತೆ ಓದಿದ. ನಾನು ತಾತನ ಮುಖವನ್ನೇ ನೋಡುತ್ತಿದ್ದೆ. ಹೌದು, ನೋಡಲೆಂದೇ ಕೂತಿದ್ದೆ.

ಹಾಡು ಶುರುವಾಯಿತು. ತಾತ ಕೈ ಎತ್ತಿದ. ಒಂದು ಬೆರಳು. ಮುಷ್ಟಿ. ನಾಲ್ಕು. ಮುಷ್ಟಿ. ಮೂರು. ಮತ್ತೆ ಮೊದಲಿಂದ.

ಆಶೀರ್ವಾದವಲ್ಲ ಅದು. ನಂಬರು. ಗೀತೆ ಪುಸ್ತಕ ತಾತನಿಗೆ ಬಾಯಿಪಾಠ.

ಕೋಣೆಗೆ ಬಂದು 143 ತೆಗೆದೆ. ತುಟಿಯ ಮೇಲಿನ ಸುಳ್ಳನ್ನು ತೊಳೆದು ಆಮೇಲೆ ಮಾತು ಕೊಡು ಎಂದು ಬೇಡುವ ಹಾಡು.

ಅಕ್ಟೋಬರ್ 21

ಹದಿನೇಳನೇ ತಾರೀಖು ತಾತನ ಬೆರಳು ತೋರಿಸಿದ್ದು 215 — ಇದ್ದದ್ದನ್ನು ಇದ್ದಂತೆ ಹೇಳುವ ಎದೆ ಕೊಡು. ಇವತ್ತು 352 — ಮರೆಯಲ್ಲಿ ನಿಂತವಳೇ, ಹೊರಗೆ ಬಾ. ಎಲ್ಲವನ್ನೂ ಈ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದಿಟ್ಟಿದ್ದೇನೆ.

ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಕೇಳಿದೆ. “ತಾತ, ನಾನು ಒಪ್ಪಿಕೋಬೇಕು ಅಂತ ಹೇಳ್ತಿದ್ದೀರಾ?”

ನನ್ನ ಮುಖ ನೋಡಿದ. ಆಮೇಲೆ ಗೋಡೆಯ ಕಡೆ ತಿರುಗಿಕೊಂಡ.

ಮಾತಿಲ್ಲದವನು ಹೌದೆಂದು ಇನ್ನು ಹೇಗೆ ಹೇಳಬೇಕು?

ಅಕ್ಟೋಬರ್ 23

ಚಿಕ್ಕಪ್ಪನಿಗೆ ಬೆರಳಿನ ವಿಷಯ ಹೇಳಿದೆ. ಮುಂದಿನ ವರ್ಷದ ಪುಸ್ತಕದ ಮೇಲೆ ತಾತನ ಹೆಸರು ಬೇಡ ಎಂದೂ ಹೇಳಿದೆ. ಅವನು ನಗಲೂ ಇಲ್ಲ, ಬೈಯಲೂ ಇಲ್ಲ.

“ಅಪ್ಪನ ಹೆಸರಿದ್ರೆ ಧ್ಯಾನ. ನಿನ್ನ ಹೆಸರಿದ್ರೆ ರದ್ದಿ. ಯಾವುದು ಬೇಕು ಹೇಳು.”

ಸಂಜೆಯಿಂದ ತಾತನ ಎಡಗೈ ಶಾಲಿನೊಳಗೆ. ಚಿಕ್ಕಮ್ಮ ತುದಿಯನ್ನು ಕುರ್ಚಿಯ ಹಿಂದೆ ಗಂಟು ಹಾಕಿದ್ದಾಳೆ. ಚಳಿಯಂತೆ. ಕಿಟಕಿ ಪೂರ್ತಿ ತೆರೆದಿದೆ, ಫ್ಯಾನು ತಿರುಗುತ್ತಿದೆ.

ಅಕ್ಟೋಬರ್ 30

ನಾನು ಗಂಟು ಬಿಚ್ಚುತ್ತೇನೆ. ಚಿಕ್ಕಮ್ಮ ಹಾಕುತ್ತಾಳೆ. ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಬಿಚ್ಚಿದಾಗಲೆಲ್ಲ ಮೊದಲು ನಂಬರು, ಆಮೇಲೆ ನೀರು ಬೇಕೆಂದು ಸನ್ನೆ.

ನವೆಂಬರ್ 24, ಭಾನುವಾರ, ಮಧ್ಯಾಹ್ನ

ಮಾಡಿಬಿಟ್ಟೆ.

ಆರಾಧನೆಯ ನಂತರ ಹೊಸ ಪುಸ್ತಕದ ಬಿಡುಗಡೆ. ತಾತನಿಗೆ ಕೋಟು ತೊಡಿಸಿ ಮುಂದೆ ಕೂರಿಸಿದ್ದರು. ಇವತ್ತು ಶಾಲಿಲ್ಲ, ಜನ ನೋಡುತ್ತಾರಲ್ಲ. ಸಾಹಿತ್ಯ ಸಮಿತಿಯ ಹಿರಿಯರು ಕಣ್ಣಿನ ಡಾಕ್ಟರು. ಮಾತು ನಿಂತರೂ ನಮ್ಮ ಅಯ್ಯನವರ ಲೇಖನಿ ನಿಂತಿಲ್ಲ ಎಂದರು. ಹೇಗೆ ಬರೆಯುತ್ತಾರೆಂದು ಎರಡು ವರ್ಷದಲ್ಲಿ ಒಬ್ಬರೂ ಕೇಳಿಲ್ಲ. ಚಪ್ಪಾಳೆ. ನಾನು ಎದ್ದು ನಿಂತೆ. ಬರೆದವಳು ನಾನು, ತಾತನ ಹೆಸರು ಸುಳ್ಳು, ತಾತನಿಗೂ ಇದು ಬೇಡವಾಗಿದೆ — ಇಷ್ಟನ್ನೇ ಹೇಳಿದೆ.

ಡಾಕ್ಟರು ಒಳ್ಳೆಯವರು. ತಾತನ ಮುಂದೆ ಬಗ್ಗಿ, ಮೆಲ್ಲಗೆ ಕೇಳಿದರು. “ಅಯ್ಯನವರೇ, ಈ ಪುಸ್ತಕ ನಿಮ್ಮದೇನಾ?”

ತಾತ ತಲೆಯಾಡಿಸಿದ. ಹೌದೆಂದು.

ಇನ್ನೊಮ್ಮೆ ಕೇಳಿದರು. ತಾತ ಎಡಗೈಯಿಂದ ಪುಸ್ತಕ ಎಳೆದುಕೊಂಡು ಎದೆಗೆ ಒತ್ತಿ ಹಿಡಿದ. ನನ್ನನ್ನೇ ನೋಡುತ್ತಿದ್ದ.

“ಕೂತ್ಕೋ ಮಗು,” ಎಂದರು ಡಾಕ್ಟರು.

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಚಿಕ್ಕಪ್ಪ ಅಲ್ಲೇ ಮೊಣಕಾಲೂರಿ ನನಗಾಗಿ ಪ್ರಾರ್ಥನೆ ಮಾಡಿದ. ‘ಒಡೆದ ಮಡಕೆ’ ಎಂಬ ಮಾತು ಬಂತು. ಸಭೆಯೆಲ್ಲ ಆಮೆನ್ ಎಂದಿತು.

ನವೆಂಬರ್ 29, ಬೆಳಿಗ್ಗೆ 11

ಐದು ದಿನ ಪೆನ್ನು ಮುಟ್ಟಲಿಲ್ಲ. ಬೀದಿ ದಾಟಿದರೆ ಹೆಂಗಸರು ಅಯ್ಯೋ ಪಾಪ ಎನ್ನುವ ಮುಖ ಮಾಡುತ್ತಾರೆ. ಚಿಕ್ಕಮ್ಮ ಬಂದವರಿಗೆಲ್ಲ, ಚಿಕ್ಕಂದಿನಿಂದಲೂ ಇವಳು ಹೀಗೇ ಎನ್ನುತ್ತಾಳೆ, ನನಗೆ ಕೇಳಿಸುವಂತೆ.

ಇವತ್ತು ತಾತ ಮಂಚದ ಸರಳನ್ನು ಬಡಿದು ಬಡಿದು ಕರೆದ. ಹೋಗಬಾರದೆಂದಿದ್ದೆ. ಹೋದೆ.

ಮಡಿಲಲ್ಲಿ ಈ ವರ್ಷದ ಪುಸ್ತಕ. ಇವತ್ತಿನ ಪುಟ ತೆರೆದಿತ್ತು. ಅಡಿಯಲ್ಲಿ ನಾನು ಹಾಕಿದ್ದ ಗೀತೆಯ ನಂಬರಿನ ಮೇಲೆ ಬೆರಳಿಟ್ಟ. ಉಗುರಿನಿಂದ ಗೀರಿದ. ತಪ್ಪು ಎಂಬಂತೆ ತಲೆ ಅಲ್ಲಾಡಿಸಿದ. ಆಮೇಲೆ ಬೆರಳು ಎತ್ತಿದ — ನಾಲ್ಕು, ಒಂದು, ಎರಡು.

412 ತೆಗೆದು ನೋಡಿದೆ. ಪುಟ ಸಹನೆಯ ಬಗ್ಗೆ. ಗೀತೆಯೂ ಸಹನೆಯದು. ನಾನು ಹಾಕಿದ್ದು ಮದುವೆ ಹಾಡು.

ಹಿಂದಿನ ಹಾಳೆಯ ಪಟ್ಟಿ ತಂದು ಒಂದೊಂದಾಗಿ ತಾಳೆ ನೋಡಿದೆ. ಬಾಯಿ ಮುಚ್ಚಿಸುವ ಪುಟಕ್ಕೆ 143. ಅಂಜಿಕೆಯ ಪುಟಕ್ಕೆ 215. ತಪ್ಪಿಸಿಕೊಂಡ ಕುರಿಯ ಪುಟಕ್ಕೆ 352. ಪಟ್ಟಿಯಲ್ಲಿದ್ದ ಇಪ್ಪತ್ತಮೂರು ನಂಬರೂ ಆಯಾ ಪುಟಕ್ಕೆ ಸರಿ.

ನನ್ನನ್ನು ಬೈಯುತ್ತಿರಲಿಲ್ಲ. ಒಪ್ಪಿಕೋ ಎನ್ನುತ್ತಿರಲಿಲ್ಲ. ಪುಸ್ತಕ ತನ್ನದೇ ಎಂದು ಎಂದೋ ತೀರ್ಮಾನಿಸಿಕೊಂಡು, ಬರೆದುಕೊಡುವವಳ ತಪ್ಪು ತಿದ್ದುತ್ತಿದ್ದ. ಆ ಕಣ್ಣೀರೂ ಅದಕ್ಕೇ. ತಪ್ಪು ಹಾಡು ಹಾಡುತ್ತಿದ್ದೆವು.

ಇನ್ನೊಂದು, ಇದನ್ನೂ ಬರೆಯದಿದ್ದರೆ ನಾನು ಸುಳ್ಳಿ. ಅವತ್ತು ಎದ್ದು ನಿಂತದ್ದು ತಾತನಿಗಾಗಿ ಮಾತ್ರ ಅಲ್ಲ. ಪುಸ್ತಕದ ಮೇಲೆ ನನ್ನ ಹೆಸರು ಹೇಗೆ ಕಾಣುತ್ತದೆ ಎಂದು ಒಂದು ಕಾಗದದಲ್ಲಿ ಬರೆದು ನೋಡಿದ್ದೆ. ಚೆನ್ನಾಗಿಯೇ ಕಂಡಿತ್ತು.

ಡಿಸೆಂಬರ್ 1, ಸಂಜೆ 5

ಚಿಕ್ಕಪ್ಪ ಬಂದ. ಬರುವ ಭಾನುವಾರ ಸಭೆಯ ಮುಂದೆ, ತಲೆ ಕೆಟ್ಟಿತ್ತು ಎಂದು ಎರಡು ಮಾತು ಹೇಳಿದರೆ ಸಾಕಂತೆ. ಆಮೇಲೆ ಈಗ ಬಿಡುಗಡೆಯಾದದ್ದರ ಮುಂದಿನ ವರ್ಷದ ಪುಟ ಶುರುಮಾಡಬಹುದು. “ನಿನ್ನನ್ನ ಬಿಟ್ರೆ ಇನ್ಯಾರು ಬರೀತಾರೆ?” ಎಂದ. ಎರಡು ವರ್ಷದಲ್ಲಿ ಅವನ ಬಾಯಿಂದ ಬಂದ ಒಂದೇ ಹೊಗಳಿಕೆ. ಆಗುವುದಿಲ್ಲ ಎಂದೆ. ಹಾಗಾದರೆ ಈ ಮನೆಯಲ್ಲಿ ಜಾಗವಿಲ್ಲ ಎಂದ. ಗೊತ್ತಿತ್ತು. ಶಾಲೆಯ ಗೆಳತಿಯ ಲಾಂಡ್ರಿಯಲ್ಲಿ ಇಸ್ತ್ರಿಗೆ ಒಬ್ಬಳು ಬೇಕಂತೆ, ಕೇಳಿಟ್ಟಿದ್ದೇನೆ.

ಚೀಲಕ್ಕೆ ಬಟ್ಟೆ ತುಂಬಿದ ಮೇಲೆ ತಾತನ ಬಳಿಯಿದ್ದ ಈ ವರ್ಷದ ಪುಸ್ತಕ ತೆಗೆದುಕೊಂಡೆ. ಪಟ್ಟಿ ನೋಡಿಕೊಂಡು, ಅಚ್ಚಾದ ನಂಬರು ಹೊಡೆದುಹಾಕಿ, ಪೆನ್ಸಿಲಿನಲ್ಲಿ ಇಪ್ಪತ್ತಮೂರನ್ನೂ ತಿದ್ದಿದೆ. ಮಡಿಲಲ್ಲಿಟ್ಟೆ. ನಾಳೆ ಹೊರಡುತ್ತೇನೆ ಎಂದೆ.

ಕೇಳಿಸಿತೋ ಇಲ್ಲವೋ. ಒಂದೊಂದೇ ಪುಟ ತಿರುವಿ ಪರೀಕ್ಷಿಸಿದ. ನವೆಂಬರ್ ಹನ್ನೆರಡಕ್ಕೆ ಬಂದು ನಿಂತ. ಬೆರಳಿನಿಂದ ಕುಟ್ಟಿದ. 134 ಆಗಬೇಕಿತ್ತು, 314 ಎಂದು ಬರೆದಿದ್ದೆ.

ತಿದ್ದಿದೆ.

ಬಸ್ಸು ಬೆಳಿಗ್ಗೆ ಆರೂ ನಲವತ್ತಕ್ಕೆ. ನಾಳೆ ಹೋಗುತ್ತೇನೆ.