ಎಡಕ್ಕೆ ವಾಲುವ ಕಾರು

ದಾನೇಶ್ವರಿ,

ಮೂರು ಲಕ್ಷ ಕಿಲೋಮೀಟರ್ ಓಡಿದ ನಮ್ಮ ಕಾರಿಗೆ ಇವತ್ತು ಸೇಡಂನಲ್ಲಿ ಮುಂದಿನ ಶಾಕ್ ಅಬ್ಸಾರ್ಬರು, ಸ್ಪ್ರಿಂಗು ಹೊಸವು ಹಾಕಿಸಿದೆ. ನೀನು ಪಕ್ಕದಲ್ಲಿ ಕೂತರೆ ಗಾಡಿ ಎಡಕ್ಕೆ ವಾಲುತ್ತದೆಂದು ನೆಂಟರನ್ನೆಲ್ಲ ನಗಿಸುತ್ತಿದ್ದೆನಲ್ಲ? ಮಿಸ್ತ್ರಿ ಮುಜಾಹಿದ್ ಎಡಗಡೆಯ ಸ್ಪ್ರಿಂಗು ಬಿಚ್ಚಿ, ಎರಡು ತುಂಡು ನನ್ನ ಕೈಗಿಟ್ಟ.

"ಮುರದು ಭಾಳ ವರ್ಷ ಆಗ್ಯಾದ್ರಿ ಸರ. ಗಾಡಿ ವಾಲೋದು ಗೊತ್ತಾಗಲಿಲ್ಲೇನ್ರಿ?"

"ಗೊತ್ತಿತ್ತಪ್ಪ," ಅಂದೆ. ಕಾರಣವೂ ಗೊತ್ತಿದೆ ಅಂದುಕೊಂಡಿದ್ದೆ.

ಒಂದು ದಿನ ನೀನು ಮುಂದಿನ ಬಾಗಿಲು ಬಿಟ್ಟು ಹಿಂದಿನ ಸೀಟಿಗೆ ಹೋದೆ. ಆಮೇಲೂ ಗಾಡಿ ಎಡಕ್ಕೇ ವಾಲುತ್ತಿತ್ತು. ನಾನು ಹೊಸ ಜೋಕು ಹುಡುಕಿದೆ, ಇಳಿದು ನೋಡಲಿಲ್ಲ.

ಈಗ ನೆಟ್ಟಗೆ ನಿಂತಿದೆ.

ಕೊನೆಯ ಸಲ ಕಲಬುರಗಿ ಆಸ್ಪತ್ರೆಗೆ ಹೊರಟಾಗ ನಿನಗಾಗಿ ಮುಂದಿನ ಬಾಗಿಲು ತೆರೆದು ನಿಂತಿದ್ದೆ.

"ಬ್ಯಾಡ ಬಿಡ್ರಿ, ವಾಲ್ತದ," ಅಂದು ನೀನು ಹಿಂದೆಯೇ ಹತ್ತಿದೆ.