ನನ್ನ ಬಾಲ್ಯ ಕಂಡವರು

ಫೆಬ್ರವರಿ ೧೧, ಮಂಗಳವಾರ

ಪ್ರೀತಿಯ ಗುಬ್ಬಿ,

ನೀನೂ ಮಕ್ಕಳೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಇಲ್ಲಿ ನಾವೆಲ್ಲ ಕ್ಷೇಮ. ಎಲ್ಲ ಎಂದರೆ ನಾನೊಬ್ಬಳೇ. ನಿನ್ನ ಕಾಗದಕ್ಕೆ ನಾಲ್ಕು ತಿಂಗಳಾದರೂ ಉತ್ತರ ಬರೆಯಲಿಲ್ಲ, ಬೈದುಕೋ. ಮೂರು ಸಲ ಶುರು ಮಾಡಿದ್ದೆ. ಒಂದು ಅರ್ಧಕ್ಕೇ ನಿಂತಿತು, ಇನ್ನೊಂದನ್ನು ಎಲ್ಲಿಟ್ಟೆನೋ ದೇವರೇ ಬಲ್ಲ, ಮೂರನೆಯದರ ಮೇಲೆ ಲ್ಯಾಬಿನಲ್ಲಿ ಹಲ್ಲಿನ ಅಚ್ಚಿನ ಪ್ಲಾಸ್ಟರ್ ಕಲಸಿಬಿಟ್ಟೆ.

ಸುದ್ದಿ ಏನೆಂದರೆ, ಹುಟ್ಟಿದಾಗಿನಿಂದ ನನ್ನೊಳಗಿದ್ದದ್ದಕ್ಕೆ ನಲವತ್ತೇಳನೆಯ ವಯಸ್ಸಿನಲ್ಲಿ ಹೆಸರು ಸಿಕ್ಕಿದೆ. ಅದೂ ಎರಡು ಹೆಸರು: ಆಟಿಸಂ, ಎಡಿಎಚ್‌ಡಿ. ಬಹಳ ಜನರಲ್ಲಿ ಇವೆರಡೂ ಜೊತೆಯಲ್ಲೇ ಇರುತ್ತವಂತೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂತಾರಲ್ಲ, ಆ ಬಂಡಿ ನಾನು. ಒಂದಕ್ಕೆ ಎಲ್ಲವೂ ನಿನ್ನೆಯಂತೆಯೇ ಇರಬೇಕು, ಇನ್ನೊಂದಕ್ಕೆ ನಿನ್ನೆಯದೆಲ್ಲ ಬೇಜಾರು.

ಹೆಸರು ಸಿಗುವವರೆಗೆ ಪಟ್ಟ ಪಾಡು ನೆನೆದರೆ ಈಗಲೂ ಬಾಯಿ ಕಹಿಯಾಗುತ್ತದೆ. ಮೊದಲನೆಯ ಡಾಕ್ಟರು ಅರ್ಧ ಹೊತ್ತು ಫೋನು ನೋಡುತ್ತಿದ್ದು, ಆಮೇಲೆ ತಲೆಯೆತ್ತಿ, "ಕೆಲಸಕ್ಕೆ ಹೋಗ್ತೀರಿ, ಕಣ್ಣಲ್ಲಿ ಕಣ್ಣಿಟ್ಟು ಮಾತಾಡ್ತೀರಿ, ನಿಮಗೆಲ್ಲಿಯ ಆಟಿಸಂ? ಮದುವೆ ಆಗಿದ್ದಿದ್ರೆ ಇದೆಲ್ಲ ತಲೆಗೇ ಬರ್ತಿರಲಿಲ್ಲ" ಎಂದರು. ನಾನು ಕಣ್ಣಿಟ್ಟದ್ದು ಅವರ ಹುಬ್ಬಿನ ನಡುವೆ ಇದ್ದ ಮಚ್ಚೆಯ ಮೇಲೆ. ಅದರಲ್ಲಿ ಮೂರು ಕೂದಲಿದ್ದವು. ಹೇಸಿಗೆಯಾಯಿತು. ಪಾಪ, ಮಚ್ಚೆಯದೇನೂ ತಪ್ಪಿರಲಿಲ್ಲ.

ಎರಡನೆಯವರು ಎಡಿಎಚ್‌ಡಿ ಒಂದನ್ನೇ ಒಪ್ಪಿ ಮಾತ್ರೆ ಬರೆದರು. ತಲೆಯೊಳಗಿನ ಗದ್ದಲ ಇಳಿಯಿತು. ಅದು ಇಳಿದದ್ದೇ ತಡ, ಹೊರಗಿನದೆಲ್ಲ ಕೇಳತೊಡಗಿತು: ಟ್ಯೂಬ್‌ಲೈಟಿನ ಗುಂಯ್, ಪಕ್ಕದವಳ ಚಪ್ಪಲಿಯ ಚಟಪಟ, ಯಾರೋ ಟೀ ಹೀರುವ ಸದ್ದು. ಹೇಳಿದರೆ, "ಅಭ್ಯಾಸ ಆಗುತ್ತೆ. ನೆಕ್ಸ್ಟ್!" ಎಂದರು.

ಲ್ಯಾಬಿನಲ್ಲಿ ಆದದ್ದು ಇನ್ನೂ ಅಸಹ್ಯ. ಹಲ್ಲಿನ ಸೆಟ್ಟು ಮಾಡುವ ಕೆಲಸ ನನಗೆ ಪ್ರಾಣ, ನಿನಗೆ ಗೊತ್ತು. ಮೇಣದಲ್ಲಿ ಹಲ್ಲು ಕೂರಿಸುತ್ತ ಕೂತರೆ ಊಟದ ನೆನಪೂ ಇರುವುದಿಲ್ಲ. ಯಾವ ಸೆಟ್ಟು ಯಾವತ್ತು ಹೋಗಬೇಕೆಂಬ ನೆನಪೂ ಇರುವುದಿಲ್ಲ. ಸೂಪರ್‌ವೈಸರಮ್ಮನಿಗೆ ಗುಟ್ಟಾಗಿ ವಿಷಯ ತಿಳಿಸಿ ಎರಡೇ ಎರಡು ಕೇಳಿಕೊಂಡೆ. ಕೆಲಸವನ್ನು ಬಾಯಲ್ಲಿ ಹೇಳದೆ ಚೀಟಿಯಲ್ಲಿ ಬರೆದುಕೊಡಿ, ನನ್ನ ಮೇಜನ್ನು ಸೆಟ್ಟು ಉಜ್ಜುವ ಮಷಿನ್ನಿನ ಸದ್ದಿನಿಂದ ದೂರ ಹಾಕಿಸಿ. ಆಕೆ ಮರುದಿನ ಎಲ್ಲರನ್ನೂ ಸೇರಿಸಿ, ನನ್ನ ಹೆಗಲ ಮೇಲೆ ಕೈ ಹಾಕಿ, "ಇವರು ನಮ್ಮ ಸ್ಪೆಷಲ್ ಅಕ್ಕ! ಎಲ್ಲರೂ ಜೋರಾಗಿ ಒಂದು ಚಪ್ಪಾಳೆ!" ಎಂದಳು. ಚಪ್ಪಾಳೆಗೆ ನಾನು ಕಿವಿ ಮುಚ್ಚಿಕೊಂಡೆ. ಅದನ್ನೊಬ್ಬ ಫೋಟೊ ತೆಗೆದ. ಮೇಜು ಮಾತ್ರ ಇದ್ದಲ್ಲೇ ಇತ್ತು. ಬಚ್ಚಲಿಗೆ ಹೋಗಿ ಆ ಹೆಗಲನ್ನು ಮೂರು ಸಲ ತೊಳೆದುಕೊಂಡೆ, ಗುಬ್ಬಿ.

ಮೂರನೆಯ ಡಾಕ್ಟರು ಹೆಂಗಸು, ಎರಡು ಗಂಟೆ ಕೂತು ಕೇಳಿಸಿಕೊಂಡರು. ನನ್ನ ಬಾಲ್ಯ ಕಂಡವರು ಯಾರಾದರೂ ಮಾತಾಡಿದರೆ ಒಳ್ಳೆಯದು ಎಂದರು. ಅಮ್ಮನಂತೂ ಇಲ್ಲ. ಸೋದರತ್ತೆ ಮಂಡಿ ಹಿಡಿದುಕೊಂಡು ಎರಡು ಮಹಡಿ ಹತ್ತಿ ಬಂದರು.

"ಅಯ್ಯೋ ಡಾಕ್ಟ್ರಮ್ಮ, ಇವಳದು ಒಂದಾ ಎರಡಾ! ನೆಂಟರು ಬಂದ್ರೆ ಬೀರು ಒಳಗೆ ಕೂತ್ಕೊಳ್ಳೋಳು. ಹೊಲಿಗೆ ಚುಚ್ಚುತ್ತೆ ಅಂತ ಅಂಗಿ ತಿರುವಿ ಹಾಕ್ಕೊಳ್ಳೋಳು. ದಿನಕ್ಕೆರಡು ಪೆನ್ಸಿಲ್ ಕಳೆಯೋಳು. ಇವರಮ್ಮ ಹೊಡೀತಿದ್ಲು, ನಾನು ನೋಡ್ತಾ ಸುಮ್ನೆ ಕೂತಿರ್ತಿದ್ದೆ. ಅದನ್ನೂ ಬರ್ಕೊಳ್ಳಿ."

ಡಾಕ್ಟರು ಬರೆದುಕೊಂಡರು. ಅತ್ತೆ ಕನ್ನಡಕ ತೆಗೆದು ಒರೆಸಿದರು, ಮತ್ತೆ ಒರೆಸಿದರು.

ಆ ಡಾಕ್ಟರು ಎರಡೂ ಇವೆ ಎಂದು ಖಚಿತವಾಗಿ ಹೇಳಿ, ಮಾತ್ರೆ ಬದಲಾಯಿಸಿ, ಲ್ಯಾಬಿನ ಮಾಲೀಕರಿಗೆ ಒಂದು ಪತ್ರವನ್ನೂ ಬರೆದುಕೊಟ್ಟರು. ಈಗ ನನ್ನ ಮೇಜು ಹಿಂದಿನ ಕಿಟಕಿಯ ಹತ್ತಿರ. ಕೆಲಸ ಚೀಟಿಯಲ್ಲಿ ಬರುತ್ತದೆ, ಎರಡು ತಿಂಗಳಲ್ಲಿ ಒಂದು ಸೆಟ್ಟೂ ತಡವಾಗಿಲ್ಲ. ಸೂಪರ್‌ವೈಸರಮ್ಮ ನನ್ನನ್ನು "ಚೀಟಿ ರಾಣಿ" ಎನ್ನುತ್ತಾಳೆ. ಅನ್ನಲಿ, ಅವಳ ಬಾಯಿ ಅವಳದು. ಶನಿವಾರ ಸಂಜೆ ಗ್ರಂಥಾಲಯದ ಕೋಣೆಯಲ್ಲಿ ನನ್ನಂಥವರು ಆರು ಜನ ಸೇರುತ್ತೇವೆ. ಮಾತಾಡಲೇಬೇಕೆಂದಿಲ್ಲ. ನಿವೃತ್ತ ಡ್ರೈವರ್ ಒಬ್ಬರು ಇಡೀ ಹೊತ್ತು ನಿಂತೇ ಇರುತ್ತಾರೆ, ಕೂರಿ ಎಂದು ಯಾರೂ ಹೇಳುವುದಿಲ್ಲ. ಅಲ್ಲಿದ್ದಷ್ಟು ಹೊತ್ತು ನನಗೆ ಯಾರ ಮೇಲೂ ಹೇಸಿಗೆ ಹುಟ್ಟುವುದಿಲ್ಲ.

ಮಕ್ಕಳಿಗೆ ದೊಡ್ಡಮ್ಮನ ಮುತ್ತು, ಆಶೀರ್ವಾದ. ಅವರು ಯಾವತ್ತಾದರೂ ಕಿವಿ ಮುಚ್ಚಿಕೊಂಡರೆ ಕೈ ಬಿಡಿಸಬೇಡ. ನೀನು ನೂರು ಕಾಲ ತಣ್ಣಗಿರು.

ಇತಿ,
ನಿನ್ನ ಅಕ್ಕ

ತಾ.ಕ.: ಅತ್ತೆಗಿಂತ ಮೊದಲು ಡಾಕ್ಟರು ಫೋನು ಮಾಡಿದ್ದು ನಿನಗೆ. ಸ್ಪೀಕರ್ ಹಾಕಿದ್ದೇನೆ ಎಂದು ಅವರು ಹೇಳಿದ್ದು ನಿನಗೆ ಕೇಳಿಸಲಿಲ್ಲವೇನೋ. ನಾನು ಎದುರಿಗೇ ಕೂತಿದ್ದೆ. "ಅವಳಿಗೇನೂ ಇರಲಿಲ್ಲ, ಬರೀ ನಾಟಕ. ಊಟಕ್ಕೆ ಅವಳ ಪಕ್ಕ ಕೂರೋಕೆ ಅಸಹ್ಯ ಆಗೋದು, ದೂರ ಹೋಗಿ ಕೂರ್ತಿದ್ದೆ" ಎಂದೆ ನೀನು. ಆಗೆಲ್ಲ ಊಟಕ್ಕೆ ಕೂತಾಗ ಯಾರ ಮೊಣಕೈ ತಗುಲಿದರೂ ನನಗೆ ತುತ್ತು ಇಳಿಯುತ್ತಿರಲಿಲ್ಲ. ನೀನೊಬ್ಬಳೇ ದಿನವೂ ತಟ್ಟೆ ಎತ್ತಿಕೊಂಡು ಪಡಸಾಲೆಯ ಆ ಕೊನೆಗೆ ಹೋಗುತ್ತಿದ್ದೆ. ಹೇಳದೆಯೇ ನನ್ನನ್ನು ಅರ್ಥ ಮಾಡಿಕೊಂಡವಳು ನನ್ನ ತಂಗಿ ಎಂದು ನಲವತ್ತು ವರ್ಷದಿಂದ ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ. ನಿನ್ನ ನಂಬರು ಕೊಡುವಾಗ ಆ ಡಾಕ್ಟರಿಗೂ ಅದನ್ನೇ ಹೇಳಿದ್ದೆ.